ಚಿಲಕದವಳು

ಆಗ ನನಗೆ ಅರವತ್ತಮೂರು ವರ್ಷ. ಒಂಬತ್ತು ವರ್ಷದ ಹಿಂದಿನ ಮಾತು. ಹಲ್ಲು ಅಷ್ಟೂ ಇದ್ದವು, ಮಂಡಿ ಮಾತ್ರ ಕೈಕೊಟ್ಟಿತ್ತು.

ನಮ್ಮ ಮನೆ ಗಂಗೆಯ ದಡದ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿದೆ. ಮಗ ಪುರೋಹಿತ. ಕರ್ನಾಟಕದಿಂದ ಯಾತ್ರೆಗೆ ಬರುವವರಿಗೆ ಪಿಂಡ ಹಾಕಿಸುವುದು, ತೀರ್ಥಶ್ರಾದ್ಧ ಮಾಡಿಸುವುದು ಅವನ ಕೆಲಸ. ಅವರು ಇಳಿದುಕೊಳ್ಳಲು ಮೇಲಿನ ಅಂತಸ್ತಿನಲ್ಲಿ ಮೂರು ಕೋಣೆಗಳಿವೆ. ಅವರಿಗೆ ಅಡಿಗೆ ಮಾಡಿ ಬಡಿಸುವುದು ನನ್ನ ಮತ್ತು ಸೊಸೆಯ ಪಾಲಿನದು.

ಹೆದರಿಕೆಯ ವಿಷಯ ಹೇಳಲು ಕೂತಿದ್ದೇನೆ. ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಹೆದರುವ ಹೆಂಗಸಲ್ಲ. ಹರಿಶ್ಚಂದ್ರ ಘಾಟು ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಗಾಳಿ ಆ ಕಡೆಯಿಂದ ಬೀಸಿದರೆ ಒಣಹಾಕಿದ ಬಟ್ಟೆಯ ಮೇಲೆ ಚಿತೆಯ ಬೂದಿ ಕೂರುತ್ತದೆ. ಕೊಡವಿ ಮಡಚಿಡುತ್ತೇನೆ. ಮದುವೆಯಾಗಿ ಬಂದ ಮೊದಲನೇ ವಾರ ತರಕಾರಿಗೆ ಹೋದಾಗ ಇಕ್ಕಟ್ಟಿನ ಗಲ್ಲಿಯಲ್ಲಿ ಎದುರಿಗೇ ಹೆಣ ಬಂತು. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಹೆಣದ ಕಾಲು ನನ್ನ ಭುಜಕ್ಕೆ ತಾಗಿತು. ಮನೆಗೆ ಬಂದು ಸ್ನಾನ ಮಾಡಿ ಬದನೆಕಾಯಿ ಹೆಚ್ಚಿದೆ. ಅತ್ತೆಯವರು ಆವತ್ತೇ ಅಂದರು, ಇವಳು ಈ ಊರಿಗೆ ಸರಿ ಅಂತ.

ಅಂಥವಳು ಅರವತ್ತು ದಾಟಿದ ಮೇಲೆ ಹೆದರಿದೆ. ಹೆದರಿಸಿದ್ದು ಅಚ್ಚಿನ ಅಕ್ಷರ.

ನಾನು ಓದಿದ್ದು ಎರಡನೇ ಕ್ಲಾಸು. ಕೂಡಿಸಿ ಕೂಡಿಸಿ ಓದುತ್ತೇನೆ, ಒತ್ತಕ್ಷರ ಬಂದರೆ ನಿಲ್ಲುತ್ತೇನೆ. ಇದನ್ನೂ ನಾನು ಹೇಳುತ್ತಿದ್ದೇನೆ, ಸೊಸೆ ಬರೆದು ತಿದ್ದುತ್ತಿದ್ದಾಳೆ. ನಮ್ಮ ಮನೆಯಲ್ಲಿ ಅಚ್ಚಾದದ್ದು ಅಂದರೆ ಪಂಚಾಂಗ, ಮಂತ್ರದ ಪುಸ್ತಕ, ವ್ರತದ ಕಥೆ. ಪಂಚಾಂಗದಲ್ಲಿ ಏಕಾದಶಿ ಅಂತಿದ್ದರೆ ಆವತ್ತು ಏಕಾದಶಿಯೇ. ಅಚ್ಚಾಗಿದ್ದರಲ್ಲಿ ಸುಳ್ಳಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಯಾತ್ರೆಗೆ ಬಂದವರು ರೈಲಿನಲ್ಲಿ ಓದಿದ ಕನ್ನಡ ಮಾಸಪತ್ರಿಕೆಗಳನ್ನು ಕೋಣೆಯಲ್ಲೇ ಬಿಟ್ಟು ಹೋಗುತ್ತಾರೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಾನು ಹೂಬತ್ತಿ ಹೊಸೆಯುತ್ತಾ ಕೂರುತ್ತಿದ್ದೆ, ಸೊಸೆ ಓದುತ್ತಿದ್ದಳು. ದಿನದಲ್ಲಿ ಆ ಒಂದು ಗಂಟೆ ನನ್ನದು. ಮೊಮ್ಮಕ್ಕಳು ಹಿಂದಿಯಲ್ಲೇ ಆಡುತ್ತವೆ, ಹಿಂದಿಯಲ್ಲೇ ಜಗಳವಾಡುತ್ತವೆ. ಅಂಗಡಿಯವನ ಹತ್ತಿರ ನಾನೂ ಹಿಂದಿಯಲ್ಲೇ ಬಯ್ಯುತ್ತೇನೆ. ಬರೀ ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಆ ಒಂದು ಗಂಟೆ.

ಸೊಸೆಗೆ ದೆವ್ವದ ಕಥೆ ಇಷ್ಟ. ಒಂದು ದಪ್ಪ ಸಂಚಿಕೆಯಲ್ಲಿ ಚಿಲಕದವಳ ಕಥೆ ಬಂತು. ಕಾಡಂಚಿನಲ್ಲಿ ಒಂದು ಬಂಗಲೆ. ಅಲ್ಲೊಬ್ಬಳು ಸತ್ತಿದ್ದಾಳೆ. ಬಾಗಿಲು ತೆರೆದ ಕೋಣೆಗೆ ಅವಳು ಬರುವುದಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡವರ ಕೋಣೆಗೇ ಬರುತ್ತಾಳೆ. ಬರುವ ಮುಂಚೆ ಒಳಗಿದ್ದವರ ತಲೆ ಭಾರವಾಗುತ್ತದೆ. ಆಮೇಲೆ ಎದೆಯ ಮೇಲೆ ಕೂರುತ್ತಾಳೆ. ಕೂಗಲು ಆಗುವುದಿಲ್ಲ. ಬಾಗಿಲು ಒಡೆದು ನೋಡಿದರೆ ಮಲಗಿದವರ ಮುಖ ಕೆಂಪಗೆ, ಈಗ ತಾನೇ ನಕ್ಕವರ ಹಾಗೆ ಇರುತ್ತದೆ.

ಸೊಸೆ ಓದಿ ಮುಗಿಸಿ ಟೀ ಇಡಲು ಹೋದಳು. ನಾನು ಹೊಸೆದ ಬತ್ತಿ ಕೈಯಲ್ಲೇ ಇತ್ತು.

ಆವತ್ತಿನಿಂದ ನಾನು ಚಿಲಕ ಹಾಕಿ ಮಲಗಲಿಲ್ಲ. ಬಚ್ಚಲಿಗೂ ಹಾಕುತ್ತಿರಲಿಲ್ಲ, ಒಳಗಿನಿಂದ ರಾಮ ರಾಮ ಎಂದು ಗಟ್ಟಿಯಾಗಿ ಅನ್ನುತ್ತಿದ್ದೆ, ಯಾರೂ ನುಗ್ಗದೆ ಇರಲಿ ಅಂತ. ಅಷ್ಟಕ್ಕೆ ನಿಂತಿದ್ದರೆ ನನ್ನ ಹುಚ್ಚು ನನಗಿರುತ್ತಿತ್ತು. ಯಾತ್ರಿಕರು ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ ಹೋಗಿ ತಟ್ಟುತ್ತಿದ್ದೆ. ನೀರು ಬೇಕಾ, ಕಾಫಿ ಬೇಕಾ, ಏನಾದರೂ ನೆಪ.

ಒಂದು ಸಲ ರಿಟೈರಾದ ಮೇಷ್ಟ್ರೊಬ್ಬರು ಬಂದಿದ್ದರು. ಕೋಣೆಯಲ್ಲಿ ಜಪಕ್ಕೆ ಕೂತಿದ್ದಾರೆ. ನಾನು ತಟ್ಟಿದೆ. ಉತ್ತರವಿಲ್ಲ. ಮತ್ತೆ ತಟ್ಟಿದೆ. ಅವರು ಮೌನ ಮುರಿಯುವ ಹಾಗಿಲ್ಲ, ಹೂಂ ಅಂದರು. ನನಗೆ ಅದು ಎದೆಯ ಮೇಲೆ ಯಾರೋ ಕೂತವರ ನರಳಾಟದ ಹಾಗೆ ಕೇಳಿಸಿತು. ಎರಡೂ ಕೈಯಲ್ಲಿ ಬಡಿದೆ. ಒದ್ದೆ ಪಂಚೆಯಲ್ಲೇ ಬಾಗಿಲು ತೆಗೆದು ನಿಂತರು.

"ಏನಮ್ಮಾ, ಮನೆಗೆ ಬೆಂಕಿ ಬಿದ್ದಿದೆಯಾ?"

"ಇಲ್ಲ. ನೀವು ಬದುಕಿದ್ದೀರಾ ಅಂತ."

ಸಾಯಂಕಾಲವೇ ಗಂಟು ಕಟ್ಟಿಕೊಂಡು ಹನುಮಾನ್ ಘಾಟಿನ ಬೇರೊಬ್ಬರ ಮನೆಗೆ ಹೋದರು. ಹೋಗುವಾಗ ಸುಮ್ಮನೆ ಹೋಗಲಿಲ್ಲ, ಆ ಮನೆಯಲ್ಲಿ ಒಬ್ಬ ಹುಚ್ಚು ಮುದುಕಿ ಇದ್ದಾಳೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದರು.

ಮಗ ಸಿಟ್ಟು ಮಾಡುವವನಲ್ಲ. ಆವತ್ತು ಮಾಡಿದ. ಸೊಸೆಯ ಪತ್ರಿಕೆಗಳನ್ನೆಲ್ಲ ಹಳೆ ಪಂಚೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಏರಿಸಿದ.

"ಅಮ್ಮಾ, ಕೇಳು. ಇನ್ನೊಂದು ಸಲ ನೀನು ಯಾತ್ರಿಕರ ಬಾಗಿಲು ಬಡಿದೆ ಅಂದ್ರೆ ಈ ಗಂಟು ಸೀದಾ ರದ್ದಿ ಕೊಳ್ಳೋ ಕಬಾಡಿಯವನಿಗೆ. ಒಂದು ಹಾಳೆ ಉಳಿಯಲ್ಲ."

"ಅದರಲ್ಲಿ ಅಡಿಗೆ ಪುಸ್ತಕಾನೂ ಇದೆ ಕಣೋ."

"ನಿನಗೆ ಅಡಿಗೆ ಬರತ್ತೆ."

ಮಧ್ಯಾಹ್ನದ ಗಂಟೆ ಹೋಯಿತು. ಬತ್ತಿ ಹೊಸೆಯುತ್ತಾ ಗೋಡೆ ನೋಡುತ್ತಿದ್ದೆ.

ನನ್ನ ಹೆದರಿಕೆಯಿಂದ ಆದ ಇನ್ನೊಂದು ಕೆಲಸವನ್ನೂ ಹೇಳಬೇಕು. ಇದು ಮೇಷ್ಟ್ರಿಗಿಂತ ಮುಂಚಿನದು. ಬೇಡ, ಬರೆಯುವುದು ಬೇಡ ಎನ್ನುತ್ತಿದ್ದಾಳೆ ಸೊಸೆ. ಬರಿ ಅಂದೆ. ಮತ್ತೊಂದು ಕಥೆಯಲ್ಲಿ ಕೂದಲು ಬಿಚ್ಚಿಕೊಂಡು ಸುಮ್ಮಸುಮ್ಮನೆ ನಗುವ ಹೆಂಗಸು ಮನೆ ಹೊಕ್ಕು ಮಕ್ಕಳನ್ನು ಕೊಲ್ಲುತ್ತಾಳೆ. ಅದನ್ನು ಕೇಳಿದ ತಿಂಗಳಲ್ಲೇ ಒಬ್ಬಳು ನಮ್ಮ ಬಾಗಿಲಿಗೆ ಬಂದಳು. ಒಂಟಿ ಹೆಂಗಸು, ಬಿಚ್ಚಿದ ಕೂದಲು, ಕೈಯಲ್ಲೊಂದು ಚೀಲ. ಕೋಣೆ ಇದೆಯಾ ಎಂದು ಕೇಳುತ್ತಾ ಕೇಳುತ್ತಾ ನಕ್ಕಳು. ಮೂರೂ ಕೋಣೆ ಖಾಲಿ ಇದ್ದವು. ಇಲ್ಲ ಎಂದು ಬಾಗಿಲು ಹಾಕಿದೆ. ಎದುರು ಮನೆಯ ಕಟ್ಟೆಯ ಮೇಲೆ ಬಿಸಿಲಲ್ಲಿ ಸಂಜೆಯ ತನಕ ಕೂತಿದ್ದಳು. ಆಮೇಲೆ ತಿಳಿಯಿತು, ಚೀಲದಲ್ಲಿ ಇದ್ದದ್ದು ಗಂಡನ ಅಸ್ಥಿ. ಮೂರು ದಿನ ನಿದ್ದೆಯಿಲ್ಲದೆ ರೈಲಿನಲ್ಲಿ ಬಂದಿದ್ದಳು. ಕೆಲವರಿಗೆ ದುಃಖ ಹೆಚ್ಚಾದರೆ ನಗು ಬರುತ್ತದೆ. ನಾನು ಹರಿಶ್ಚಂದ್ರ ಘಾಟಿನ ಪಕ್ಕ ನಲವತ್ತು ವರ್ಷ ಬಾಳಿದವಳು, ಅಂಥ ನಗುವನ್ನು ಎಷ್ಟು ಸಲ ಕೇಳಿಲ್ಲ? ಗೊತ್ತಿದ್ದದ್ದನ್ನು ಕಥೆ ಮರೆಸಿಬಿಟ್ಟಿತು.

ಇರಲಿ. ಈಗ ಆ ಪುಷ್ಯಮಾಸದ ದಿನ.

ಧಾರವಾಡದ ಕಡೆಯ ಗಂಡ ಹೆಂಡತಿ ಬಂದಿದ್ದರು. ಇಬ್ಬರಿಗೂ ನನ್ನಷ್ಟೇ ವಯಸ್ಸು. ವಾರದಿಂದ ಸೂರ್ಯನ ಮುಖ ಯಾರೂ ಕಂಡಿರಲಿಲ್ಲ. ಮಂಜು ಎಷ್ಟೆಂದರೆ ಘಾಟಿನ ಮೇಲಿನ ಮೆಟ್ಟಿಲಿಗೆ ಕೆಳಗಿನ ನದಿ ಕಾಣದು. ಅವರು ಬೆಳಿಗ್ಗೆ ಗಂಗೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲಿ ಸಂಕಲ್ಪ ಮಾಡಿ, ನಮ್ಮ ಮನೆಯಲ್ಲಿ ಶ್ರಾದ್ಧ ಮುಗಿಸಿ ಊಟಕ್ಕೆ ಕೂರುವಾಗ ಮಧ್ಯಾಹ್ನ ದಾಟಿತ್ತು. ಮಗ ಬೇರೊಂದು ತಂಡ ಕಾಯುತ್ತಿದೆ ಎಂದು ಆಗಲೇ ಮತ್ತೆ ಘಾಟಿಗೆ ಇಳಿದಿದ್ದ.

"ಅಮ್ಮಾರ, ಇದೇನ್ ಥಂಡೀರಿ! ಎಲುಬಿನಾಗ ಹೊಕ್ಕದ," ಎಂದರು ಯಜಮಾನರು. "ಇಂಥಾ ಥಂಡಿ ನಾವು ಕ್ಯಾಲೆಂಡರಿನ ಫೋಟೋದಾಗ ಅಷ್ಟ ನೋಡೀವಿ."

"ಫೋಟೋದಲ್ಲಿ ಚಂದ ಕಾಣತ್ತೆ. ತೊವ್ವೆ ಹಾಕ್ಲಾ?"

"ಹಾಕ್ರಿ. ಬಿಸಿ ಇರೂದೆಲ್ಲಾ ಹಾಕ್ರಿ."

ಊಟವಾದ ಮೇಲೆ ಕೋಣೆಗೆ ಬೋರ್ಸಿ ಕೇಳಿದರು. ಬೋರ್ಸಿ ಎಂದರೆ ಮಣ್ಣಿನ ಅಗ್ಗಿಷ್ಟಿಕೆ, ಇಲ್ಲಿ ಚಳಿಗಾಲಕ್ಕೆ ಪ್ರತಿ ಮನೆಯಲ್ಲೂ ಇರುತ್ತದೆ. ಈ ಊರಿನವರು ಅದನ್ನು ಬಾಗಿಲಾಚೆ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಇದ್ದಿಲು ಕೆಂಪಾದ ಮೇಲೆ ಒಳಗೆ ತರುತ್ತಾರೆ. ಬಾಗಿಲು ಅರೆ ತೆರೆದಿಡುತ್ತಾರೆ. ಮಲಗುವ ಮುಂಚೆ ಹೊರಗಿಡುತ್ತಾರೆ. ಯಾಕೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ, ನೋಡಿ ನೋಡಿ ಹಾಗೇ ಮಾಡುತ್ತಾರೆ. ನಾವೂ ಅವರಿಗೆ ಹೇಳಲಿಲ್ಲ. ಹೇಳಬೇಕು ಎಂದೇ ತೋಚಲಿಲ್ಲ. ಸೊಸೆ ಕೆಂಡ ತುಂಬಿದ ಬೋರ್ಸಿ ಕೊಟ್ಟು, ಪಕ್ಕದಲ್ಲಿ ಒಂದು ಬುಟ್ಟಿ ಇದ್ದಿಲು ಇಟ್ಟು ಬಂದಳು. ಮತ್ತೆ, ಕಿಟಕಿಯ ಸಂದಿಗಳಿಗೆಲ್ಲ ಹಳೆ ಬಟ್ಟೆ ತುರುಕಿದವಳು ನಾನೇ. ಗಾಳಿ ನುಗ್ಗದ ಕೋಣೆ ಬೇಕಾದರೆ ನಮ್ಮ ಮನೆಗೆ ಬನ್ನಿ ಎಂದು ಜಂಬ ಕೊಚ್ಚಿಕೊಂಡವಳೂ ನಾನೇ.

ಸ್ವಲ್ಪ ಹೊತ್ತಿಗೆ ಹೆಂಡತಿ ಕೆಳಗಿಳಿದು ಬಿಸಿನೀರು ಕೇಳಿದರು. ಹಣೆ ಒತ್ತಿಕೊಳ್ಳುತ್ತಿದ್ದರು.

"ಯಾಕೋ ತಲಿ ಭಾಳ ಭಾರ ಆಗೇದ್ರಿ. ಮುಂಜಾನಿಂದ ಉಪಾಸ ಇದ್ದು ಒಮ್ಮೆಲೆ ಉಂಡದ್ದಕ್ಕ ಇರಬೇಕು."

ನೀರು ಕುಡಿದು ಮೇಲೆ ಹೋದರು. ಬಾಗಿಲು ಹಾಕಿದ ಸದ್ದು. ಅದರ ಹಿಂದೆಯೇ ಚಿಲಕ ಬಿದ್ದ ಸದ್ದು.

ನಾನು ಬತ್ತಿ ಹೊಸೆಯುತ್ತಿದ್ದೆ. ಕೈ ನಿಂತಿತು.

ಸೊಸೆಗೆ ಅಂದೆ, "ಚಿಲಕ ಯಾಕೆ ಹಾಕ್ಕೊಂಡ್ರು?"

ಅವಳು ತಲೆ ಎತ್ತದೆ ನಕ್ಕಳು. "ಅತ್ತೇ, ನಿಮಗೆ ಗೊತ್ತಿಲ್ವಾ? ಶ್ರಾದ್ಧದ ದಿನ ಹಗಲು ಮಲಗೋ ಹಾಗಿಲ್ಲ. ಪಾಪ, ವಯಸ್ಸಾದೋರು, ಒಂದು ಗಳಿಗೆ ಕಣ್ಣು ಮುಚ್ಚಿರ್ತಾರೆ. ಪುರೋಹಿತರ ಮನೇಲಿ ನೋಡಿಬಿಟ್ರೆ ಅಂತ ಸಂಕೋಚ."

ಅದು ಸರಿ. ಅಂಥಾಗ ನೋಡಿಯೂ ನೋಡದ ಹಾಗೆ ಇರುವುದೇ ಮರ್ಯಾದೆ. ನಲವತ್ತು ವರ್ಷ ಹಾಗೇ ಇದ್ದೇನೆ.

"ತಲೆ ಭಾರ ಅಂದ್ರಲ್ಲೇ."

ಈಗ ಅವಳು ತಲೆ ಎತ್ತಿದಳು. ನನ್ನ ಮನಸ್ಸಿನಲ್ಲಿ ಇರುವುದು ಅವಳಿಗೆ ತಿಳಿಯಿತು. "ಅತ್ತೇ, ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ. ಅದು ಕಥೆ. ಯಾರೋ ಕೂತು ಬರೆದದ್ದು. ಈ ಸಲ ಇವರೂ ಎದ್ದು ಹೋದ್ರೆ ನಿಮ್ಮ ಮಗ ಗಂಟು ಕಬಾಡಿಗೆ ಹಾಕೇ ಹಾಕ್ತಾರೆ."

ಕೂತೆ. ಅರ್ಧ ಗಂಟೆಯಲ್ಲಿ ಬರೀ ಇಪ್ಪತ್ತು ಬತ್ತಿ ಹೊಸೆದೆ. ಗಂಟು ಹೋದರೆ ನನ್ನ ಒಂದು ಗಂಟೆ ಮತ್ತೆ ಬರುವುದಿಲ್ಲ ಎಂದು ಗೊತ್ತಿತ್ತು. ಹುಚ್ಚು ಮುದುಕಿ ಎಂಬ ಹೆಸರು ಖಾಯಂ ಆಗುತ್ತದೆ ಎಂದೂ ಗೊತ್ತಿತ್ತು. ಆದರೆ ಮೇಲಿನ ಆ ಕೋಣೆಯಲ್ಲಿ ಯಾರೋ ಯಾರದೋ ಎದೆಯ ಮೇಲೆ ಕೂತಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಇಪ್ಪತ್ತೊಂದನೆಯದನ್ನು ಹೊಸೆಯಲು ಆಗಲಿಲ್ಲ. ಎದ್ದೆ.

ಒಂದೊಂದೇ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಕೂಗಿದೆ. ಕೋಣೆಯಲ್ಲಿ ಸದ್ದಿಲ್ಲ. ಮೇಷ್ಟ್ರ ಹಾಗೆ ಹೂಂ ಎಂದಿದ್ದರೂ ಸಾಕಿತ್ತು. ಎರಡೂ ಕೈಯಲ್ಲಿ ಬಡಿದೆ. ಕೆಳಗಿನಿಂದ ಸೊಸೆ, "ಅತ್ತೇ!" ಎಂದು ಕಿರುಚಿದಳು.

"ಗುಂಡುಕಲ್ಲು ತಾ," ಅಂದೆ.

"ಯಾವ ಗುಂಡುಕಲ್ಲು?"

"ಚಟ್ನಿ ಅರೆಯೋದು! ಮನೇಲಿ ಎಷ್ಟಿವೆ?"

ತಂದಳು. ಬಯ್ಯುತ್ತಾ ಅಲ್ಲ, ಅಳುತ್ತಾ ತಂದಳು. ಬಾಗಿಲ ಪಕ್ಕದಲ್ಲೇ ಕಿಟಕಿ, ಅದಕ್ಕೆ ಗಾಜು. ಒಂದೇ ಏಟು. ಕೈ ಒಳಗೆ ಹಾಕಿ ತಡಕಿ ಚಿಲಕ ಎಳೆದೆ. ಮೊಣಕೈ ಹತ್ತಿರ ಗಾಜು ಕೊರೆಯಿತು. ಈಗಲೂ ಗೆರೆ ಇದೆ, ಕೇಳಿದವರಿಗೆಲ್ಲ ತೋರಿಸುತ್ತೇನೆ.

ಒಳಗೆ ಇಬ್ಬರೂ ಮಲಗಿದ್ದರು. ಒಂದೇ ರಜಾಯಿ, ಎರಡು ಮುಖ. ಎರಡೂ ಮುಖ ಕೆಂಪಗೆ.

ಇಲ್ಲಿ ಸುಳ್ಳು ಹೇಳಬಾರದು. ಅವಳು ಬಂದು ಕೂತಿದ್ದಾಳೆ, ನನಗೂ ಕಾಣುತ್ತಾಳೆ ಅಂದುಕೊಂಡೆ. ಆದರೂ ಒಳಗೆ ಹೋದೆ. ಹೋಗಿ, ಯಾರೂ ಇಲ್ಲದ ಜಾಗ ನೋಡಿ, "ಬಿಡೇ ಅವರನ್ನ, ಮುಂಡೇದೇ!" ಎಂದು ಚೀರಿದೆ. ಚೀರಿದ ಮೇಲೆ ಧೈರ್ಯ ಬಂತು. ಹೆಂಡತಿಯ ಎರಡೂ ಕಂಕುಳಿಗೆ ಕೈ ಹಾಕಿ ಎಳೆದೆ. ಸೊಸೆ ಯಜಮಾನರ ಕಾಲು ಹಿಡಿದು ಎಳೆದಳು. ನನ್ನ ಚೀರಾಟಕ್ಕೆ ಪಕ್ಕದ ಮನೆಯ ದೋಣಿಯವನು ಓಡಿ ಬಂದ. ಮೂವರೂ ಸೇರಿ ಅವರನ್ನು ತಾರಸಿಯ ಮೇಲೆ ಮಂಜಿನಲ್ಲಿ ಮಲಗಿಸಿದೆವು. ಸೊಸೆ ಗಲ್ಲಿ ತುದಿಯ ಡಾಕ್ಟರನ್ನು ಕರೆಯಲು ಓಡಿದಳು.

ಡಾಕ್ಟರು ಬರುವ ಮುಂಚೆಯೇ ಯಜಮಾನರು ವಾಂತಿ ಮಾಡಿಕೊಂಡರು. ಅಷ್ಟು ಸಂತೋಷದಿಂದ ನಾನು ಯಾರ ವಾಂತಿಯನ್ನೂ ಬಳಿದಿಲ್ಲ. ಹೆಂಡತಿ ಕಣ್ಣು ಬಿಡಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬಿಟ್ಟರು. ನನ್ನನ್ನು ನೋಡಿದರು. ಅವರ ಮೊದಲ ಮಾತು, "ನಾ ಮಲಗಿರಲಿಲ್ಲ ರೀ ಅಮ್ಮಾ."

"ಗೊತ್ತು," ಅಂದೆ. "ನೀವು ಮಲಗಿರಲಿಲ್ಲ."

ಡಾಕ್ಟರು ಬೋರ್ಸಿ ನೋಡಿದರು. ಅದರ ತುಂಬ ಹೊಸ ಇದ್ದಿಲು ಸುರಿದುಕೊಂಡಿದ್ದರು. ಬಟ್ಟೆ ತುರುಕಿದ ಸಂದಿಗಳನ್ನು ನೋಡಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ವಿಷದ ಗಾಳಿ ಏಳುತ್ತದೆ, ಅದಕ್ಕೆ ವಾಸನೆ ಇಲ್ಲ, ಮೊದಲು ತಲೆ ಭಾರವಾಗುತ್ತದೆ, ಆಮೇಲೆ ನಿದ್ದೆಯಲ್ಲೇ ಹೋಗಿಬಿಡುತ್ತಾರೆ, ಪ್ರತಿ ಚಳಿಗಾಲ ಇಂಥದ್ದು ನೋಡುತ್ತೇನೆ ಎಂದರು. ಅಷ್ಟು ಹೊತ್ತಿಗೆ ಮಗ ಓಡುತ್ತಾ ಬಂದ. ಅವನ ಎದುರಿಗೇ ಡಾಕ್ಟರು ನನ್ನನ್ನು ಕೇಳಿದರು, "ಅಮ್ಮಾಜೀ, ನಿಮಗೆ ಹೇಗೆ ಗೊತ್ತಾಯ್ತು?"

"ಪುಸ್ತಕದಲ್ಲಿತ್ತು," ಅಂದೆ, ನನ್ನ ಹಿಂದಿಯಲ್ಲಿ.

"ವಾಹ್! ಯಾವ ಪುಸ್ತಕ? ಅಂಥದ್ದು ಮನೆ ಮನೆಯಲ್ಲೂ ಇರಬೇಕು."

ಮಗ ನೆಲ ನೋಡಿದ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಗನೇ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಮ್ಲಜನಕ ಕೊಡಿಸಿದ. ಇಬ್ಬರೂ ಉಳಿದರು. ಈಗಲೂ ಪ್ರತಿ ವರ್ಷ ಅವರ ಊರಿನಿಂದ ಶೇಂಗಾ ಚಟ್ನಿಪುಡಿ ಬರುತ್ತದೆ.

ಗಲ್ಲಿಯಲ್ಲಿ ಆವತ್ತು ಸಂಜೆಯೇ ನನ್ನ ಹೆಸರು ಬದಲಾಯಿತು. ಹುಚ್ಚು ಮುದುಕಿ ಹೋಗಿ ಬುದ್ಧಿವಂತೆ ಬಂದಳು. ಬಂದವರೆಲ್ಲ, ಹೊಗೆಯ ವಿಷ ಎಂದು ಥಟ್ಟನೆ ಹೊಳೆಯಿತಲ್ಲ ನಿಮಗೆ ಎಂದರು. ನನಗೆ ಹೊಗೆ ನೆನಪಾಗಲಿಲ್ಲ. ನೆನಪಾದದ್ದು ಚಿಲಕದವಳು. ಗೊತ್ತಿದ್ದು ಓಡಿದವಳಲ್ಲ ನಾನು, ಹೆದರಿ ಓಡಿದವಳು. ಹಾಗಂತ ನನ್ನ ಹೆಮ್ಮೆ ಒಂದು ಗುಲಗಂಜಿ ಕಡಿಮೆ ಆಗಲಿಲ್ಲ. ಹೆದರಿದವರು ಓಡಿಹೋಗುವುದುಂಟು. ನಾನು ಹೆದರಿ ಒಳಗೆ ಹೋದೆ.

ಸೊಸೆ ಅಂದಳು, "ನೋಡಿ ಅತ್ತೇ, ದೆವ್ವದ ಕಥೆ ಓದೋದು ಒಳ್ಳೇದೇ. ಎಚ್ಚರ ಕಲಿಸತ್ತೆ."

"ಆ ಕೂದಲು ಬಿಚ್ಚಿದ ಹೆಂಗಸನ್ನ ಮರೆತ್ಯಾ?"

ಟೀ ಇಡಲು ಎದ್ದು ಹೋದಳು.

ನಾನು ಅದನ್ನು ಬಹಳ ಯೋಚನೆ ಮಾಡಿದ್ದೇನೆ. ಅದೇ ಪತ್ರಿಕೆಗಳು, ಅದೇ ಮುದುಕಿ. ಒಂದು ಕಥೆ ಇಬ್ಬರನ್ನು ಉಳಿಸಿತು, ಇನ್ನೊಂದು ಒಬ್ಬಳನ್ನು ಬೀದಿಯಲ್ಲಿ ಕೂರಿಸಿತು. ಹೆದರಿಕೆಗೆ ತನ್ನದೇ ಬುದ್ಧಿ ಇಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನಾವೇ ಆರಿಸಬೇಕು. ಈಗ ನಾನು ಒಂದನ್ನು ನೋಡುತ್ತೇನೆ, ಈ ಹೆದರಿಕೆ ನನ್ನನ್ನು ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋಗುತ್ತಿದೆಯೋ, ಇಲ್ಲ ಅವರ ಮುಖಕ್ಕೆ ಬಾಗಿಲು ಹಾಕಿಸುತ್ತಿದೆಯೋ. ಹಾಕಿಸಿದರೆ ಅದು ಕಲ್ಲು, ಎಸೆಯುತ್ತೇನೆ. ಚಿಲಕದವಳು ಇದ್ದಾಳೋ ಇಲ್ಲವೋ, ಅದು ಬರೆದವನಿಗೆ ಬಿಟ್ಟದ್ದು. ನಾನು ಮಾತ್ರ ಇವತ್ತಿಗೂ ಚಿಲಕ ಹಾಕಿ ಮಲಗುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಬತ್ತಿಯ ತಟ್ಟೆಯ ಪಕ್ಕದಲ್ಲಿ ಆ ಹಳೆ ಪಂಚೆಯ ಗಂಟು ಇತ್ತು. ಮಗ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಅಲ್ಲಿಟ್ಟು ಘಾಟಿಗೆ ಹೋಗಿದ್ದ. ನಾನು ಗಂಟು ಬಿಚ್ಚಲಿಲ್ಲ, ಮಧ್ಯಾಹ್ನಕ್ಕೆ ಇರಲಿ ಎಂದು ಬಿಟ್ಟೆ. ಮೇಲೆ ಹೋಗಿ ಮೂರೂ ಕೋಣೆಯ ಕಿಟಕಿ ಸಂದಿಯಿಂದ ಬಟ್ಟೆ ಕಿತ್ತು ಹಾಕಿದೆ. ಆಮೇಲೆ ಆ ಬೋರ್ಸಿಯಲ್ಲೇ ಆರಿ ಉಳಿದಿದ್ದ ಒಂದು ಇದ್ದಿಲು ಆರಿಸಿಕೊಂಡು, ಮೂರು ಬಾಗಿಲ ಒಳಮೈಯಲ್ಲೂ ದಪ್ಪ ಅಕ್ಷರದಲ್ಲಿ ನನ್ನ ಕೈಯಾರೆ ಬರೆದೆ. ಹುಟ್ಟಿದ ಮೇಲೆ ಬೇರೆಯವರು ಓದಲಿ ಎಂದು ನಾನು ಬರೆದ ಮೊದಲನೆಯ ಬರಹ ಅದು. ಇದ್ದಿಲಿನ ವಿಷದ ಗಾಳಿ ಅಂತ ಬರೆದರೆ ಯಾರೂ ಲಕ್ಷ್ಯ ಮಾಡುವುದಿಲ್ಲ ಎಂದು ನನಗೆ ಗೊತ್ತು. ಆದ್ದರಿಂದ ಹೀಗೆ ಬರೆದೆ: ಬೋರ್ಸಿ ಇಟ್ಟುಕೊಂಡು ಚಿಲಕ ಹಾಕಬೇಡಿ. ಹಾಕಿದರೆ ಅವಳು ಬರುತ್ತಾಳೆ.